ನೀಲಿ ಅಕ್ಷರದ ಸಾಲು

ಕಿನುಯೆಯ ಬಾರು ಮುಚ್ಚುತ್ತದೆ ಎಂಬ ಸುದ್ದಿಯನ್ನು ನನ್ನ ಗಂಡ ತೊಮೊಹಾರು ಹೇಳಿದ್ದು ನಾನು ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಕತ್ತಿ ಕೈಗೆತ್ತಿಕೊಂಡ ಮೇಲೆ. ಬೇಕೆಂದೇ ಆ ಹೊತ್ತು ನೋಡಿ ಹೇಳಿದ. ಕ್ಷೌರದ ಕತ್ತಿ ಕೈಯಲ್ಲಿದ್ದಾಗ ನಾನು ಕೂಗಾಡುವುದಿಲ್ಲ ಎಂದು ಅವನಿಗೆ ಗೊತ್ತು.

"ಸೋಮವಾರ ಮಧ್ಯಾಹ್ನ ಕೊನೇ ಕೂಟ ಇಟ್ಕೊಂಡಿದಾರೆ. ಎಲ್ರೂ ಅವರವರ ಹೆಂಡ್ತೀನೇ ಕರ್ಕೊಂಡ್ಬಂದು ಜೋಡಿ ಹಾಡು ಹಾಡ್ಬೇಕಂತೆ. ನಮ್ಮ ಹೆಸ್ರೂ ಕೊಟ್ಟು ಬಂದೆ."

"ಯಾರನ್ನ ಕೇಳಿ ಕೊಟ್ರಿ?"

"ಸೋಮವಾರ ಅಂಗಡಿ ರಜಾ ಅಲ್ವಾ?"

"ಅಂಗಡಿಗೆ ರಜಾ. ನನ್ನ ಮರ್ಯಾದೆಗೂ ರಜಾನಾ?"

ಕುರ್ಚಿಯಲ್ಲಿ ಒರಗಿದ್ದವನು ಗೆನ್ಜೊ, ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ನೊರೆಯೊಳಗಿಂದಲೇ ಬಾಯಿ ಹಾಕಿದ. "ನಮ್ಮ ಯಾಯೆಕೊನೂ ಬರ್ತಾಳೆ, ಇಸೊಕೊ. ಇಪ್ಪತ್ತೆರಡು ವರ್ಷದಿಂದ ನಿನ್ನ ಗಂಡ ಆ ಕಿನುಯೆ ಅಮ್ಮನ ಜೊತೆ ನಿಂತು ಪ್ರೇಮಗೀತೆ ಹಾಡ್ತಾನೆ. ನಿನಗೆ ಹೊಟ್ಟೆ ಉರಿಯಲ್ವಾ?"

"ಗೆನ್ಜೊ, ನಿನ್ನ ಗಂಟಲ ಮೇಲೆ ಕತ್ತಿ ಇದೆ."

ಅವನು ಗದ್ದ ಎತ್ತಿ ಕೊಟ್ಟ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿದಿದ್ದಿಲ್ಲ. ನಮ್ಮ ಬಂದರಿನಲ್ಲಿ ಗಂಡಸಾದವನು ತನ್ನ ಸ್ವಂತ ಹೆಂಡತಿಯ ಜೊತೆ ಜೋಡಿ ಹಾಡು ಹಾಡುವುದಿಲ್ಲ. ನಾಚಿಕೆ. ಬಾರಿನ ಒಡತಿಯ ಜೊತೆ ಹಾಡುತ್ತಾನೆ. ಎಪ್ಪತ್ತು ದಾಟಿದವರೂ ಕಿನುಯೆಯನ್ನು ಅಮ್ಮ ಎಂದೇ ಕರೆಯುತ್ತಾರೆ, ಅವಳ ಪಕ್ಕದಲ್ಲಿ ನಿಂತು ಕರೋಕೆಯ ಸಂಗೀತಕ್ಕೆ ಮೈಕು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಾರೆ, ಆಮೇಲೆ ಮನೆಗೆ ಬಂದು ಹೆಂಡತಿಯ ಹತ್ತಿರ ಸಾರು ತಣ್ಣಗಿದೆ ಎಂದು ಗೊಣಗುತ್ತಾರೆ. ತೊಮೊಹಾರುವಿನದು ಒಂದೇ ಹಾಡು. ಬಂದರಿಗೆ ಮರಳಿದ ಗಂಡಸು, ಕಾದು ಸಾಕಾದ ಹೆಂಗಸು. ಅವನು ಬಾರಿನಲ್ಲಿದ್ದರೆ ಬೇರೆ ಯಾರೂ ಆ ಹಾಡನ್ನು ಮುಟ್ಟುವುದಿಲ್ಲ.

ನನಗಿದ್ದದ್ದು ಹೊಟ್ಟೆಕಿಚ್ಚಲ್ಲ, ಹೆದರಿಕೆ. ಆರನೇ ಕ್ಲಾಸಿನಲ್ಲಿ ಗುಂಪು ಹಾಡಿನ ಸ್ಪರ್ಧೆಗೆ ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ, ನನ್ನ ಮುಂದೆ ಬಂದು ಕಿವಿಗೊಟ್ಟು ಕೇಳಿ, "ನಿನ್ನದು ಹಡಗಿನ ಕೂಗು. ನೀನು ಬಾಯಿ ಮಾತ್ರ ಆಡಿಸು" ಅಂದರು. ಆಡಿಸಿದೆ. ಎದುರಿನ ಸಾಲಿನಲ್ಲಿ ಕೂತಿದ್ದ ನನ್ನ ಅವ್ವ, ಮಗಳು ಹಾಡುತ್ತಿದ್ದಾಳೆಂದು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಅಂದಿನಿಂದ ನಾನು ಯಾರ ಮುಂದೆಯೂ ಹಾಡಿಲ್ಲ. ಈಗ ನನಗೆ ಐವತ್ತಮೂರು.

ಗೆನ್ಜೊ ಹೋದ ಮೇಲೆ ಗಂಡನಿಗೆ ಹೇಳಿದೆ. "ನೀವು ಹಾಡಿ. ನಾನು ಪಕ್ಕದಲ್ಲಿ ನಿಂತು ಬಾಯಿ ಆಡಿಸ್ತೀನಿ."

"ಹೆಂಗಸಿನ ಸಾಲು ಯಾರು ಹಾಡ್ತಾರೆ?"

"ಆ ಕಿನುಯೆನೇ ಹಾಡ್ಲಿ. ಗೊತ್ತಲ್ಲ ಅವಳಿಗೆ."

ಅವನು ಕೂದಲು ಗುಡಿಸುವುದನ್ನು ನಿಲ್ಲಿಸಿದ. "ಮಂಡಿ ಸವೆದು ನಿಲ್ಲಕ್ಕಾಗ್ತಿಲ್ಲ ಅಂತಾನೇ ಬಾರು ಮುಚ್ತಿರೋದು ಕಣೆ. ಮೂವತ್ತೊಂದು ವರ್ಷ ನಮಗೆಲ್ಲ ಜೋಡಿಯಾಗಿ ನಿಂತಿದಾರೆ. ಒಂದು ದಿನ ಕೂತು ಕೇಳ್ಬೇಕು ಅಂದ್ರು. ತಪ್ಪಾ?"

ತಪ್ಪಲ್ಲ, ಅದಕ್ಕೇ ಸಿಟ್ಟು ಬಂತು. ಟವೆಲ್ಲುಗಳನ್ನು ಬಡಿದು ಬಡಿದು ಒಣಗಿಸಿದೆ.

ಸೋಮವಾರ ಎರಡು ಗಂಟೆಗೆ ಹೋದೆವು. ಹನ್ನೊಂದು ಜನ ಕೂರುವ ಜಾಗದಲ್ಲಿ ಎಂಟು ಜೋಡಿ. ಕಪಾಟಿನಲ್ಲಿ ತಮ್ಮ ತಮ್ಮ ಹೆಸರು ಬರೆದಿಟ್ಟ ವಿಸ್ಕಿ ಬಾಟಲಿಗಳನ್ನು ಇವತ್ತೇ ಖಾಲಿ ಮಾಡಬೇಕೆಂದು ಅಪ್ಪಣೆಯಾಗಿತ್ತು. ಆದರೂ ಗಂಡಸರೆಲ್ಲ ಪೊಲೀಸು ಠಾಣೆಗೆ ಬಂದವರಂತೆ ಮುದುಡಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿಯರಿದ್ದರಲ್ಲ. ಹೆಂಗಸರು ಮಾತ್ರ ಸುಟ್ಟ ಒಣಮೀನು ಜಗಿಯುತ್ತ, ಇಷ್ಟು ವರ್ಷ ಇವರು ಬಂದು ಬೀಳುತ್ತಿದ್ದ ಜಾಗ ಇದೇನಾ ಎಂದು ಗೋಡೆಗಳನ್ನು ನೋಡುತ್ತಿದ್ದರು. ಕಿನುಯೆ ನೇರಳೆ ಬಣ್ಣದ ಕಿಮೊನೊ ಉಟ್ಟು, ಗಿರಾಕಿಯ ಕುರ್ಚಿಯಲ್ಲಿ ಮಂಡಿಗೆ ಕಂಬಳಿ ಹೊದ್ದು ಕೂತಿದ್ದಳು.

ಮೊದಲು ಗೆನ್ಜೊ, ಯಾಯೆಕೊ. ಅರ್ಧಕ್ಕೇ ಜಗಳ.

"ಅದು ನನ್ನ ಸಾಲು ಕಣ್ರೀ! ಪರದೆ ಮೇಲೆ ಕೆಂಪು ಅಕ್ಷರ ಬಂದ್ರೆ ಹೆಂಗಸಿಂದು, ನಂದು!"

"ನೀನು ಎಲ್ಲಿ ಬಾಯಿ ತೆಗೆದೆ? ಅದಕ್ಕೇ ನಾನು ಹಾಡ್ದೆ!"

"ಮನೇಲೂ ಹಿಂಗೇ ಅಮ್ಮ, ನನಗೆ ಒಂದು ಮಾತಾಡಕ್ಕೆ ಬಿಡಲ್ಲ ಇವ್ರು!"

ಕಿನುಯೆ ನಕ್ಕು ನಕ್ಕು ಕಂಬಳಿ ಬೀಳಿಸಿಕೊಂಡಳು.

ನಮ್ಮ ಸರದಿ ಬಂತು. ಮೈಕು ಕೈಗೆ ತೆಗೆದುಕೊಂಡೆ. "ಇಸೊಕೊ, ಮೂರು ಬೀದಿ ಆಚೆ ಇದ್ದುಕೊಂಡು ಇವತ್ತು ಮುಖ ತೋರಿಸಿದೀಯಲ್ಲ ತಾಯಿ" ಅಂದಳು ಕಿನುಯೆ. "ಹಾಡು. ನಿನ್ನ ಗಂಡನ ಹಾಡನ್ನ ಎದುರಿಗೆ ಕೂತು ಒಂದು ಸಲಾನೂ ಕೇಳಿಲ್ಲ ನಾನು."

ಬಾಯಿ ಮಾತ್ರ ಆಡಿಸುವುದೆಂದು ಮನೆಯಿಂದ ಹೊರಟಾಗಲೇ ತೀರ್ಮಾನಿಸಿದ್ದೆ. ಆದರೆ ಆ ಹೆಂಗಸು ಕತ್ತು ಮುಂದೆ ಚಾಚಿ ಕೂತಿದ್ದಳು. ಅವ್ವನಿಗೆ ಮಾಡಿದ ಮೋಸವನ್ನು ಇವಳಿಗೂ ಮಾಡಲು ಮನಸ್ಸು ಬರಲಿಲ್ಲ. ಹಾಳಾಗಿ ಹೋಗಲಿ, ಹಡಗಾದರೆ ಹಡಗು ಎಂದುಕೊಂಡೆ. ಸಂಗೀತ ಶುರುವಾಯಿತು. ಪರದೆಯ ಮೇಲೆ ಅಕ್ಷರ ಮೂಡಿತು. ಬಾಯಿ ತೆರೆದೆ.

ಬರುತ್ತೇನೆ ಅಂದಿದ್ದೆ, ಬಂದಿದ್ದೇನೆ, ದೀಪ ಆರಿಸಬೇಡ.

ಎರಡನೇ ಸಾಲಿಗೆ ಹೋದ ಮೇಲೆ ನನಗೆ ಅರ್ಥವಾಯಿತು, ಅಕ್ಷರ ನೀಲಿ. ನೀಲಿ ಗಂಡಸಿನದು. ನಾನು ನನ್ನ ಗಂಡನ ಸಾಲು ಹಾಡುತ್ತಿದ್ದೆ.

ಬೇರೆ ಏನು ಗೊತ್ತಿತ್ತು ನನಗೆ? ದಿನಾ ಸಂಜೆ ಅವನು ಬಿಸಿನೀರಿನ ತೊಟ್ಟಿಯಲ್ಲಿ ಕೂತು ಹಾಡುತ್ತಾನೆ, ನಾನು ಗೋಡೆಯ ಈಚೆ ಅನ್ನಕ್ಕಿಡುತ್ತೇನೆ. ತನ್ನ ಸಾಲು ಹಾಡಿ ಸುಮ್ಮನಾಗುತ್ತಾನೆ, ನೀರು ಸುರಿಯುವ ಸದ್ದು, ಮತ್ತೆ ತನ್ನ ಸಾಲು. ಹೆಂಗಸಿನ ಪಾಲು ನನ್ನ ಕಿವಿಗೆ ಬರೀ ನೀರು.

ನಿಲ್ಲಿಸಲೂ ಆಗಲಿಲ್ಲ. ಅವನ ಗಂಟಲಿಗೆಂದು ತಗ್ಗಿಸಿಟ್ಟಿದ್ದ ಶ್ರುತಿ ನನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ದಪ್ಪ ಧ್ವನಿ, ಆದರೆ ಎಲ್ಲೂ ಒಡೆಯಲಿಲ್ಲ. ಕೆಂಪು ಸಾಲು ಬಂತು. ನಾನು ಗಂಡನ ಮುಖ ನೋಡಿದೆ. ಅವನು ನನ್ನನ್ನು ನೋಡಿದ. ಆಮೇಲೆ ಕತ್ತನ್ನು ಒಂದಿಷ್ಟು ಓರೆ ಮಾಡಿ, ಥೇಟ್ ಕಿನುಯೆಯ ಹಾಗೆ, ಸಣ್ಣ ಧ್ವನಿಯಲ್ಲಿ ಎತ್ತಿಕೊಂಡ.

ಸುಳ್ಳುಗಾರ, ಎಷ್ಟು ದೀಪ ಸುಟ್ಟೆ ನಿನಗಾಗಿ.

ಗೆನ್ಜೊ ಕುರ್ಚಿಯಿಂದ ಬಿದ್ದ. ಸುಳ್ಳಲ್ಲ, ನಿಜವಾಗಿ ಬಿದ್ದ. ಹೆಂಗಸರು ಕಿರುಚಿದರು. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ನಿಂತು ಕೇಳಿದವನಿಗೆ ಹೆಂಗಸಿನ ಒಂದು ಉಸಿರೂ ತಪ್ಪುವಂತಿರಲಿಲ್ಲ. ಕೊನೆಗೆ ಇಬ್ಬರೂ ಕೂಡಿ ಹಾಡುವ ಹಸಿರು ಸಾಲು ಬಂದಾಗ ನಗು ನಿಂತು ಹೋಯಿತು. ಅದು ಇಬ್ಬರಿಗೂ ಬರುತ್ತಿತ್ತು. ಅವನ ಭುಜ ನನ್ನ ಭುಜಕ್ಕೆ ತಾಗಿತು. ನಾವು ಪರದೆ ನೋಡಲಿಲ್ಲ.

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಕಿನುಯೆ ಕಣ್ಣೊರೆಸಿಕೊಂಡಳು. ನಗುವಿನದೋ ಅಳುವಿನದೋ ನಾನು ಕೇಳಲಿಲ್ಲ.

"ತೊಮೊಹಾರು, ಬೇಜಾರು ಮಾಡ್ಕೋಬೇಡ. ಆ ನೀಲಿ ಸಾಲು ಹಾಡಕ್ಕೆ ನಿನಗೆ ಬರ್ತಿರ್ಲಿಲ್ಲ ಕಣೋ. ನನಗೆ ಇವತ್ತು ಗೊತ್ತಾಯ್ತು."

"ಇಷ್ಟು ವರ್ಷ ಹೊಗಳಿದ್ರಲ್ಲ ಅಮ್ಮ!"

"ನೀನು ಗಿರಾಕಿ ಅಲ್ವಾ?"

ಮುಂದಿನ ಜೋಡಿ ಎದ್ದು ಬಂದು ಮೈಕಿಗೆ ಕೈ ಚಾಚಿತು. ನಾನು ಕೊಡಲಿಲ್ಲ.

"ಇಸೊಕೊ, ಕೊಡೇ, ಸರದಿ ಅವರದು!" ಗೆನ್ಜೊ ನೆಲದಿಂದಲೇ ಕೂಗಿದ.

"ನಲವತ್ತು ವರ್ಷ ನಾನು ಸರದಿ ಕಾದಿದೀನಿ. ಅವ್ರು ಐದು ನಿಮಿಷ ಕಾಯ್ಲಿ!" ಕಿನುಯೆಯ ಕುರ್ಚಿಯನ್ನು ಅವಳ ಸಮೇತ ಪರದೆಯ ಮುಂದಕ್ಕೆ ಎಳೆದೆ. "ಅಮ್ಮ, ಕೂತ್ಕೊಂಡೇ ಹಾಡಿ. ಕೆಂಪು ಸಾಲು ನಂಗೂ ಒಂದು ಸಲ ಸರಿಯಾಗಿ ಕೇಳ್ಬೇಕು, ನೀರಿನ ಸದ್ದು ಕೇಳಿ ಸಾಕಾಗಿದೆ."

"ಹುಚ್ಚಿ" ಅಂದಳು ಕಿನುಯೆ. ಅಂದವಳೇ ಕಿಮೊನೊದ ತೋಳನ್ನು ಸರಿಪಡಿಸಿಕೊಂಡು ನನ್ನ ಗಂಡನ ಕೈಯಿಂದ ಮೈಕು ಕಿತ್ತುಕೊಂಡಳು. ತೊಮೊಹಾರುವಿಗೆ ಯಾರೋ ಕಂಜಿರ ಕೊಟ್ಟರು. ಅವನು ತಾಳ ತಪ್ಪಿಸುತ್ತ ಬಾರಿಸತೊಡಗಿದ. ನನ್ನ ನೀಲಿ ಸಾಲು ಬರುವ ಮೊದಲೇ, ತಾಳ ಸರಿಯಾಗಿ ಹಾಕಿ ಎಂದು ಅವನನ್ನು ಗದರಿದೆ.