ಮಾರ್ಜಿಂಗ್ ಗುಡ್ಡದ ಆಣೆ

ಕಮತಗಿಯ ಅಫ್ಸರನ ಕುದುರೆ ಬಾದಶಾಹ, ಕುದುರೆಗಾಡಿ ಓಟದ ಶರ್ಯತ್ತಿನಲ್ಲಿ ಸುತ್ತಲ ಊರುಗಳಿಗೆಲ್ಲ ಗೊತ್ತಿದ್ದ ಹೆಸರು. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುತ್ತಿದ್ದ ಮಣಿಪುರದ ಸನಾತೊಂಬಿ, ಹಳ್ಳಿಯ ಬೇಸಾಯ ಕಲಿಯಲೆಂದು ಬಂದು ಪಕ್ಕದ ಮನೆಯಲ್ಲಿ ಉಳಿದಿದ್ದಳು. ಸಂಜೆಯಾದರೆ ಸಾಕು, ಕುದುರೆಯ ಮೈ ತಿಕ್ಕಲು ಹಾಜರಾಗುತ್ತಿದ್ದಳು.

"ನಮ್ಮ ಹೈಂಗಾಂಗ್ ಗುಡ್ಡದಾಗ ಮಾರ್ಜಿಂಗ್ ಅಂತ ದೇವರು ಅದಾನ್ರಿ ಅಣ್ಣಾ," ಹೊಸದಾಗಿ ಕಲಿತ ಕನ್ನಡದಲ್ಲಿ ಹೇಳುವಳು. "ಕುದುರಿ ಏರಿ ಚೆಂಡು ಹೊಡಿಯೂ ಪೋಲೋ ಆಟ ಅವಂದ. ಕುದುರಿ ಅಂದ್ರ ಅವನ ಮನಿಮಂದಿ ಇದ್ದಂಗ."

ಹುನಗುಂದದ ಶರ್ಯತ್ತು ಹತ್ತಿರ ಬಂದಾಗ ಬಾದಶಾಹನ ಮುಂಗಾಲು ಬಾತಿತ್ತು. ಅಫ್ಸರನಿಗೂ ಅದು ಗೊತ್ತಿತ್ತು.

"ಈ ಸಲ ಓಡಿಸಬ್ಯಾಡ್ರಿ," ಅಂದಳು ಹುಡುಗಿ.

"ಆತವಾ. ನಿಮ್ಮ ಗುಡ್ಡದ ಆಣಿ, ಓಡ್ಸೂದಿಲ್ಲ," ಅಂದು ನಕ್ಕ. ಅವಳು ನಗದೆ ಕೈಮುಗಿದಳು.

ಶರ್ಯತ್ತಿನ ಮುನ್ನಾದಿನ ಗೆಳೆಯ ದುಂಡೇಶ ಬಂದ. "ಲೇ ಅಫ್ಸರ, ಬಾವು ಇಳದೈತಲ್ಲೋ. ಕುದುರಿಗೇನಾಗಿಲ್ಲ, ನಿನ್ನ ಎದಿನ ಕುಸದೈತಿ."

ಮಾತು ನಾಟಿತು. ಯಾರದೋ ದೇವರು, ಎಲ್ಲಿಯದೋ ಗುಡ್ಡ, ಆ ಆಣೆ ತನಗೇನು ತಟ್ಟೀತು ಎಂದುಕೊಂಡ ಅಫ್ಸರ. ಮರುದಿನ ಸನಾತೊಂಬಿ ಗೆಳತಿಯರೊಂದಿಗೆ ಬಾದಾಮಿಗೆ ಹೋದದ್ದು ಅವನಿಗೆ ಅನುಕೂಲವೇ ಆಯಿತು.

ಹುನಗುಂದದಲ್ಲಿ ಅಫ್ಸರನ ಗಾಡಿ ಎಲ್ಲರಿಗಿಂತ ಮುಂದಿತ್ತು. ತಿರುವಿನಲ್ಲಿ ಬಾದಶಾಹನ ಹೆಜ್ಜೆ ತಪ್ಪಿದ್ದು ಲಗಾಮು ಹಿಡಿದ ಕೈಗೆ ಮೊದಲು ತಿಳಿಯಿತು. ಎಳೆದು ನಿಲ್ಲಿಸಬಹುದಿತ್ತು. ಅಫ್ಸರ ಚಾಟಿ ಎತ್ತಿದ. ಕುದುರೆ ಮುಗ್ಗರಿಸಿ ಬಿತ್ತು.

ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಓಡದು ಎಂದರು ದನದ ಡಾಕ್ಟರು.

ಸಂಜೆ ಸನಾತೊಂಬಿ ಬಂದು ಕುದುರೆಯ ಕೊರಳ ಹತ್ತಿರ ಕುಳಿತಳು. "ನೀರು ಕುಡಿದಾನೇನ್ರಿ?" ಅಂದು ಬಾದಶಾಹನ ಮೈ ತಿಕ್ಕತೊಡಗಿದಳು. ಅಫ್ಸರ ಎದುರಿಗೆ ಬಂದು ನಿಂತ.

"ಬೈಯವಾ ತಂಗಿ. ಒಂದ ಮಾತರೆ ಬೈ."

"ನೀವು ನಕ್ಕೋತ ಆಣಿ ಮಾಡಿದ್ರಿ," ಅಂದಳು ಮೆಲ್ಲಗೆ. "ನಾ ಖರೆ ಅಂತ ತಿಳಕೊಂಡ್ನಿ."

ಅಂದಿನಿಂದ ಅಫ್ಸರ ಗಾಡಿ ಮುಟ್ಟಲಿಲ್ಲ. ಹೆಂಡತಿ ಜಾಸ್ಮಿನ ಕಾಸಿಕೊಟ್ಟ ಬಿಸಿನೀರಿನಿಂದ ಕಾಲಿಗೆ ಶಾಖ ಕೊಟ್ಟ, ಕುಂಟುವ ಕುದುರೆಯನ್ನು ಹಿಡಿದು ನಡೆಸಿದ. ದಾರಿಯಲ್ಲಿ ಯಾರಾದರೂ ಅಯ್ಯೋ ಪಾಪ ಅಂದರೆ, "ನಾನ ಮಾಡಿದ್ದು," ಅನ್ನುತ್ತಿದ್ದ. ಹಾಗಂದರೂ ಎದೆ ಹಗುರಾಗಲಿಲ್ಲ.

ಬಾಗಲಕೋಟೆಗೆ ಮರಳಿ ಹೊರಡುವ ದಿನ ಸನಾತೊಂಬಿಯನ್ನು ಕೇಳಿಯೇಬಿಟ್ಟ: "ನಿಮ್ಮ ದೇವರು ಮಾಫ್ ಮಾಡ್ತಾನೇನವಾ?"

"ನಂಗೊತ್ತಿಲ್ರಿ ಅಣ್ಣಾ. ಊರಿಗೆ ಹೋದಾಗ ಗುಡ್ಡ ಹತ್ತತೇನಿ. ಬಾದಶಾಹನ ಹೆಸರು ಹೇಳಿ ಬರ್ತೇನಿ."

ರಜೆಯಲ್ಲಿ ಊರಿಗೆ ಹೋದವಳು ಒಂದು ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದಳು. ಹಸಿರು ಇಳಿಜಾರಿನಲ್ಲಿ ಪುಟ್ಟ ಕುದುರೆಗಳು ಮೇಯುತ್ತಿದ್ದವು. "ನೋಡ್ರಿ ಅಣ್ಣಾ, ಗುಡಿ ಮುಂದ ನಿಂತೇನಿ. ನಿಮ್ಮ ಹೆಸರೂ ಹೇಳ್ಲೇನು?"

"ನಂದು ಬ್ಯಾಡವಾ," ಅಂದ ಅಫ್ಸರ. ಫೋನನ್ನು ಬಾದಶಾಹನ ಕುಂಟುಗಾಲಿನ ಕಡೆ ತಿರುಗಿಸಿದ. "ಈಗ ಬ್ಯಾಡ."