ಮೆಂಬರಿಗೆ ಹಿಂದಿನ ಸೀಟು

"ಇಲ್ಲಿ ಬನ್ನಿ ಸಾಹೇಬ್ರೆ, ಇಲ್ಲಿ. ಕಿಟಕಿ ಪಕ್ಕದ ಸೀಟು ನಿಮಗೇ ಅಂತ ಇಟ್ಟಿದೀವಿ" ಎಂದು ಇಸ್ತ್ರಿ ಅಕ್ಕ ಬಸ್ಸಿನ ಕಟ್ಟಕಡೆಯ ಸಾಲಿನಿಂದ ಕೂಗಿದಳು. ಬಾಗಿಲಲ್ಲಿ ನಿಂತಿದ್ದ ನಗರಸಭೆಯ ಮೆಂಬರು ಎಲ್ಲರತ್ತ ಕೈಬೀಸಿ, ಅಷ್ಟುದ್ದದ ಬಸ್ಸನ್ನು ದಾಟಿ ಹಿಂದಕ್ಕೆ ಬಂದು ಕೂತರು. ಮರ್ಯಾದೆ ಸಿಕ್ಕ ಖುಷಿ ಅವರ ಮುಖದ ತುಂಬ ಇತ್ತು. ರಾತ್ರಿ ಹತ್ತಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು.

ಅವರೇನೂ ತಾವಾಗಿ ಬಂದವರಲ್ಲ. ಹತ್ತಾದ ಮೇಲೆ ಕೊಡುವ ಟಿಕೆಟ್ಟಿಗೆಲ್ಲ ದುಪ್ಪಟ್ಟು ದರ ಎಂದು ನಗರಸಭೆ ನಿಯಮ ಮಾಡಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಇವರೇ. ಕಳೆದ ಭಾನುವಾರ ವಾರ್ಡಿನ ಸಭೆಯಲ್ಲಿ ಅಕ್ಕ ಎದ್ದು ನಿಂತು ಕೇಳಿದ್ದಕ್ಕೆ, "ನಿಮ್ಮ ಬಸ್ಸು ಹೊರಡೋದೇ ಹತ್ತಕ್ಕೆ ಮುಂಚೆ. ನಿಮಗೇನಮ್ಮ ಕಷ್ಟ? ಬೇಕಾದ್ರೆ ಒಂದಿನ ನಾನೇ ಬಂದು ನೋಡ್ತೀನಿ" ಅಂದುಬಿಟ್ಟರು. "ಯಾವತ್ತು?" ಎಂದು ಅಕ್ಕ ಪಟ್ಟು ಹಿಡಿದಳು. ಹಳೆಯ ಟಿಕೆಟ್ಟಿನ ಹಿಂದೆ ತಾರೀಖು ಬರೆಸಿ, ಸಹಿ ಹಾಕಿಸಿಕೊಂಡ ಮೇಲೇ ಕೂತಳು.

ಅಕ್ಕ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಸಂಜೆ ಪಾಳಿಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಹೊಸ ದರ ಬಂದಮೇಲೆ ದುಡಿದದ್ದರಲ್ಲಿ ಕಾಲುಭಾಗ ಬಸ್ಸಿಗೇ ಹೋಗುತ್ತಿತ್ತು. "ಈ ತಿಂಗಳೊಂದು ನೋಡು, ಆಮೇಲೆ ಬಿಟ್ಬಿಡು" ಎಂದು ಗಂಡ ಹೇಳಿಯಾಗಿತ್ತು. ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಮುದ್ದೆಯಾಗಿ ಬಂದ ಬಟ್ಟೆ ತನ್ನ ಕೈಕೆಳಗೆ ನುಣ್ಣಗಾಗುವುದನ್ನು ನೋಡುವುದೆಂದರೆ, ಹತ್ತು ವರ್ಷವಾದರೂ ಅವಳಿಗೆ ಸಂತೋಷವೇ.

ಬಸ್ಸೇನೋ ಹತ್ತಕ್ಕೆ ಮುಂಚೆ ಹೊರಡುತ್ತಿತ್ತು. ಆದರೆ ಕಂಡಕ್ಟರು ಒಬ್ಬ, ಜನ ಎಪ್ಪತ್ತು. ಮುಂದಿನಿಂದ ಟಿಕೆಟ್ ಕೊಡುತ್ತ ಅವನು ಅರ್ಧ ಬಸ್ಸು ದಾಟುವಷ್ಟರಲ್ಲಿ ಹತ್ತಾಗಿ, ಟಿಕೆಟ್ ಯಂತ್ರ ತಾನೇ ದರ ಬದಲಿಸಿಕೊಳ್ಳುತ್ತಿತ್ತು. ಅದಕ್ಕೇ ಲಾಂಡ್ರಿಯವರು ಮುಂದಿನ ಸೀಟುಗಳಿಗೆ ಸರದಿ ಹಾಕಿಕೊಂಡಿದ್ದರು. ಇವತ್ತು ಅಕ್ಕನ ಸರದಿ. ಅವಳು ಅದನ್ನು ಗೆಳತಿಗೆ ಬಿಟ್ಟುಕೊಟ್ಟು ಹಿಂದೆ ಬಂದಿದ್ದಳು. ಮೆಂಬರ ಮುಖ ನೋಡಲು ದುಪ್ಪಟ್ಟು ತೆತ್ತರೂ ಚಿಂತೆಯಿಲ್ಲ ಅಂದುಕೊಂಡಿದ್ದಳು.

ಬಸ್ಸು ಹೊರಟಿತು. ಕಂಡಕ್ಟರು ನಡುಸಾಲಿಗೆ ಬಂದಾಗ ಯಂತ್ರ ಕುಂಯ್ ಎಂದಿತು. ಕೊನೆಗೂ ಅವನು ಹಿಂದಿನ ಸಾಲಿಗೆ ಬಂದು ದರ ಹೇಳಿದ.

"ಎರಡು ಟಿಕೆಟ್ಟಿನ ದುಡ್ಡು ಯಾಕಯ್ಯಾ? ನಾನೊಬ್ಬನೇ ಇರೋದು" ಎಂದರು ಮೆಂಬರು.

"ಒಂದೇ ಟಿಕೆಟ್ಟು ಸಾರ್. ಹತ್ತು ದಾಟಿ ಎಂಟು ನಿಮಿಷ ಆಯ್ತು."

"ಹತ್ತಕ್ಕೆ ಮುಂಚೇನೇ ಹತ್ತಿ ಕೂತಿದೀನಲ್ಲಯ್ಯಾ! ನೀನು ತಡವಾಗಿ ಬಂದ್ರೆ ಅದು ನನ್ನ ತಪ್ಪಾ? ಯಾವನಯ್ಯಾ ಈ ನಿಯಮ ಮಾಡಿದ್ದು?"

ಮುಂದೆ ಯಾರೋ ಕಿಸಕ್ಕನೆ ನಕ್ಕದ್ದೇ ತಡ, ಎಪ್ಪತ್ತು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರನ ಭುಜ ಕುಣಿಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಇಂಗು ತಿಂದ ಮಂಗನಂತೆ ಕೂತಿದ್ದ ಮೆಂಬರಿಗೂ ಕೊನೆಗೆ ತಡೆಯಲಾಗಲಿಲ್ಲ. "ಅಯ್ಯೋ ನನ್ನ ಕರ್ಮವೇ, ಕೈಯೆತ್ತಿದ್ದು ನಾನೇ!" ಎಂದು ಹಣೆ ಚಚ್ಚಿಕೊಂಡು ನಗುತ್ತ ದುಡ್ಡು ಕೊಟ್ಟರು.

"ಟಿಕೆಟ್ ಬಿಸಾಕ್ಬೇಡಿ ಸಾಹೇಬ್ರೆ" ಎಂದಳು ಅಕ್ಕ. ಅವಳ ನಗು ನಿಂತಿತ್ತು. "ಇದರ ಹಿಂದೇನೂ ಒಂದು ತಾರೀಖು ಬರೀಬೇಕು."

"ಯಾವುದರದ್ದಮ್ಮಾ?"

"ಈ ನಿಯಮ ತೆಗೆಯೋದರದ್ದು. ನನಗೆ ಈ ತಿಂಗಳಷ್ಟೇ ಟೈಮಿರೋದು."

ಮೆಂಬರು ಅವಳನ್ನೂ, ತಿರುಗಿ ಕೂತ ಅಷ್ಟೂ ಮುಖಗಳನ್ನೂ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಯಿತು.

ಬರೆದ ತಾರೀಖಿಗಿಂತ ಎರಡು ದಿನ ತಡವಾದರೂ ನಿಯಮ ರದ್ದಾಯಿತು. ನಗರಸಭೆಯಲ್ಲಿ ಮೆಂಬರು ತಮ್ಮ ಟಿಕೆಟ್ಟನ್ನೇ ಎತ್ತಿ ತೋರಿಸಿದರಂತೆ. ಅಂದು ಪಾಳಿ ಮುಗಿಸಿ ಹೊರಬಂದ ಅಕ್ಕ ಅಭ್ಯಾಸಬಲದಿಂದ ಬಸ್ಸಿನತ್ತ ನಾಲ್ಕು ಹೆಜ್ಜೆ ಓಡಿ, ನಿಂತು, ತನ್ನಷ್ಟಕ್ಕೇ ನಕ್ಕಳು. ಖಾಲಿಯಿದ್ದ ಮುಂದಿನ ಸೀಟುಗಳನ್ನೆಲ್ಲ ದಾಟಿ ಕಟ್ಟಕಡೆಯ ಸಾಲಿಗೆ ಹೋಗಿ ಕಿಟಕಿ ತೆರೆದು ಕೂತಳು. ಕಂಡಕ್ಟರು ಹರಟೆ ಹೊಡೆಯುತ್ತ ನಿಧಾನವಾಗಿ ಬರುತ್ತಿದ್ದ. ತಂಗಾಳಿಗೆ ಅವಳಿಗೆ ಕಣ್ಣು ಎಳೆಯುತ್ತಿತ್ತು.

"ಗಂಟೆ ಎಷ್ಟಾಯ್ತು?" ಎಂದು ಯಾರೋ ಕೇಳಿದರು.

ಯಾರೂ ನೋಡಿರಲಿಲ್ಲ.