ಕಂಕಣ ಕಟ್ಟಿದ ಕೈ

ರಾಯಚೂರಿನ ಅಕ್ಕಿ ಗಿರಣಿಗಳ ಓಣಿಯಲ್ಲಿ ಜಂಬಣ್ಣನ ಬಡಗಿ ಅಂಗಡಿ. ಮಶೀನಿನ ಕೆಲಸವೆಲ್ಲ ಅಣ್ಣನ ಮಗ ಕೊಟ್ರೇಶನದು. ಕಬ್ಬಿಣದ ಮೇಜು, ನಡುವಿನ ಸೀಳಿನಿಂದ ಮೇಲೆದ್ದು ತಿರುಗುವ ಗರಗಸದ ಚಕ್ರ. ಅದರ ಮುಂದೆ ನಿಂತವರ ಕೈಯಲ್ಲಿ ವಾಚು ಇರಬಾರದು, ಹೆಗಲ ಮೇಲೆ ಟವೆಲು ಇರಬಾರದು, ಕಟ್ಟಿಗೆಯನ್ನು ಬೆರಳಿಂದ ದೂಡದೆ ಕೋಲಿನಿಂದಲೇ ದೂಡಬೇಕು. ಇದು ಕೊಟ್ರೇಶನ ಕಟ್ಟಳೆ. ದೊಡ್ಡವನೆಂದು ಜಂಬಣ್ಣನ ಹೆಗಲ ಟವೆಲಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಮೊನ್ನೆ ಕೊಟ್ರೇಶನ ಮದುವೆಯಾಯಿತು. ಬಲಗೈಗೆ ಕಂಕಣ, ಹಳದಿ ದಾರಕ್ಕೆ ಕಟ್ಟಿದ ಅರಿಷಿಣ ಕೊಂಬು. ಸೋಮವಾರ ಮಾನ್ವಿಯಲ್ಲಿ ಮನಿದೇವರ ಮುಂದೆ ಬಿಚ್ಚಬೇಕು. ಅಲ್ಲಿತನಕ ಮಶೀನು ಮುಟ್ಟೋದಿಲ್ಲ ಅಂತ ಮೊದಲೇ ಹೇಳಿದ್ದ. ಆದರೆ ಮಸರಕಲ್ಲಿನ ಪಕೀರಪ್ಪನ ಹೊಸ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸುವ ಮುಹೂರ್ತ ನಾಳೆ ಬೆಳಗ್ಗೆ. ಮಾತು ಕೊಟ್ಟವನು ಜಂಬಣ್ಣ. ಕಟ್ಟಿಗೆಯ ತುದಿಗಳನ್ನು ನಾಲಿಗೆಯಂತೆ ಕೊಯ್ದು ತೂತಿಗೆ ಕೂಡಿಸುವುದಷ್ಟೇ ಬಾಕಿ ಇತ್ತು. ಕೊಟ್ರೇಶನನ್ನು ಕರೆಸಿದ.

"ಕಾಕಾ, ಈ ಕಂಕಣ ಬಿಚ್ಚಿ ನಿಲ್ತೀನಿ ತಗೋರಿ."

"ಮನಿದೇವ್ರು ನಿನ್ನ ಗೆಳ್ಯಾ ಏನಲೇ, ಬೇಕಾದಾಗ ಬಿಚ್ಚಾಕ? ತೋಳಿಗೆ ಸುತ್ತಿಕೋ."

"ದಾರ ಜೋತಾಡ್ತದ. ಚಕ್ರ ಎಳಕೊಂತದ್ರಿ."

"ಹೊಸ ಹೇಣ್ತಿ ಮುಂದ ಹೆದರಿಕಿ ತೋರಿಸಬ್ಯಾಡ, ನಗ್ತಾಳ."

ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಶಿವಗಂಗಾ ನಗಲಿಲ್ಲ. ಕೊಟ್ರೇಶ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಕಾಕಾನನ್ನು. ದೊಡ್ಡವರ ಮಾತು. ದಾರ ಸುತ್ತಿಕೊಂಡು ಗುಂಡಿ ಒತ್ತಿದ.

ಮೊದಲ ತುದಿ ಚಂದ ಬಂತು. ಎರಡನೆಯದಕ್ಕೆ ಕೈ ಮುಂದೆ ಹೋದಾಗ ಸುತ್ತು ಬಿಚ್ಚಿ ಕೊಂಬು ಚಕ್ರದ ಕಡೆ ಜಾರಿತು. ಚಟ್ ಅಂತ ಒಂದು ಸಪ್ಪಳ. ಕೈ ಮೇಜಿನ ಕಡೆ ಜಗ್ಗಿತು, ಕೋಲು ಚಕ್ರಕ್ಕೆ ಸಿಕ್ಕು ಎರಡಾಯಿತು, ದಾರ ಹರಿಯಿತು. ಕೊಟ್ರೇಶ ಮೊಣಕಾಲಿಂದ ಗುಂಡಿ ಗುದ್ದಿದ. ಮಶೀನು ನರಳಿ ನಿಂತಿತು.

ಶಿವಗಂಗಾ ಓಡಿಬಂದು ಅವನ ಅಂಗೈ ಬಿಡಿಸಿ ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಐದೂ ಇದ್ದವು. ಮಣಿಕಟ್ಟಿನ ಮೇಲೆ ದಾರ ಕೊರೆದ ಕೆಂಪು ಗೆರೆ.

ಜಂಬಣ್ಣ ಮುರಿದ ಕೋಲನ್ನು ಬದಿಗೆ ಸರಿಸಿದ. "ಹೋಗ್ಲಿ ಬಿಡವ್ವಾ. ಮನಿದೇವ್ರಿಗೆ ನಾ ಹೇಳ್ತೀನಿ."

"ಏನಂತ ಹೇಳ್ತೀರಿ, ಮಾವಾ?"

ಕೇಳಿದ್ದು ಸಿಟ್ಟಿನಿಂದಲ್ಲ. ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ದಾರ ಹರಿಯಿತು ಅನ್ನಲೇ, ಹರಿಯುವಂತೆ ಅವನನ್ನು ನಾನೇ ನಿಲ್ಲಿಸಿದೆ ಅನ್ನಲೇ ಎಂದುಕೊಂಡ ಜಂಬಣ್ಣ. ಬಗ್ಗಿ ಕಟ್ಟಿಗೆ ಪುಡಿಯಲ್ಲಿ ಕೈಯಾಡಿಸಿದ. ಅರ್ಧ ಕೊಂಬು ಸಿಕ್ಕಿತು, ಕೊಯ್ದ ಮುಖ ಹಳದಿಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಅವಳಿಗೆ ಕೊಡಲು ಕೈ ಬರಲಿಲ್ಲ.

ಕೊಟ್ರೇಶ ಮಣಿಕಟ್ಟಿನಲ್ಲಿ ಉಳಿದ ದಾರವನ್ನು ಬಿಚ್ಚಿ ಹೆಂಡತಿಯ ಕೈಗಿಟ್ಟ. ನೀರು ಕುಡಿದ. ಬೇರೆ ಕೋಲು ತಂದ.

"ನಾಳಿನದು ನಾ ಪಕೀರಪ್ಪಗ ತಿಳಿಸಿ ಹೇಳ್ತೀನಿ, ಬಿಡೋ," ಅಂದ ಜಂಬಣ್ಣ.

"ಮಾತು ಕೊಟ್ಟೀರಲ್ರಿ. ಈಗ ಕೈ ಬರಿದದ, ಮಾಡ್ತೀನಿ." ನೆಲ ನೋಡುತ್ತ ಅಂದ, "ಕಾಕಾ, ಟವೆಲು."

ಇಷ್ಟು ದಿನ ಒಮ್ಮೆಯೂ ಅಂದಿರಲಿಲ್ಲ. ಜಂಬಣ್ಣ ಹೆಗಲ ಮೇಲಿನ ಟವೆಲು ತೆಗೆದು ಬಾಗಿಲ ಮೊಳೆಗೆ ಹಾಕಿದ. ಆಮೇಲೆ ಒಳಗೆ ಬರಬಹುದಿತ್ತು. ಬರಲಿಲ್ಲ. ಅರ್ಧ ಕೊಂಬನ್ನು ಮುಷ್ಟಿಯಲ್ಲಿ ಹಿಡಿದು, ಒಳಗೆ ಮಶೀನು ಮತ್ತೆ ಶುರುವಾಗಿ ನಿಲ್ಲುವ ತನಕ, ಬೀದಿಗೆ ಮುಖ ಮಾಡಿ ನಿಂತೇ ಇದ್ದ.